ಮೈಸೂರಿನ ದಾನ, ಲಂಡನ್ನಿನ ವಾದ್ಯವೃಂದ, ಜರ್ಮನಿಯ ಗಾಯಕಿ: ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಕುರಿತು ಒಂದು ಟಿಪ್ಪಣಿ

ಎರಡನೆಯ ಮಹಾಯುದ್ಧ ಮುಗಿದ ಐದು ವರ್ಷಗಳೊಳಗೆ ಮೈಸೂರಿನ ಅರಮನೆಯಿಂದ ಯೂರೋಪಿನ ಸಂಗೀತಕ್ಕೆ ಮೂರು ಬಗೆಯ ನೆರವು ಹರಿದುಹೋಯಿತು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಗ್ರಾಮಫೋನ್ ಪ್ಲೇಟುಗಳಾಗಿ ಹೊರಬಂದವು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದ ಕಾಲೂರಿತು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಮೂರರ ಹಿಂದೆಯೂ ಇದ್ದವರು ಜಯಚಾಮರಾಜ ಒಡೆಯರು. ಈ ಮೂರೂ ಪ್ರಸಂಗಗಳ ಅಂಚಿನಲ್ಲಿ ಒಬ್ಬ ಜರ್ಮನ್ ಆಪೆರಾ ಗಾಯಕಿಯ ಹೆಸರು ಸುಳಿದುಹೋಗುತ್ತದೆ: ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸೊಪ್ರಾನೊಗಳಲ್ಲಿ, ಎಂದರೆ ಹೆಣ್ಣುದನಿಯ ಮೇಲಿನ ಸ್ತರದಲ್ಲಿ ಹಾಡುವವರಲ್ಲಿ, ಅವರೊಬ್ಬರು. ಮಾತು ಬಾಯಿಂದ ಬಾಯಿಗೆ ದಾಟುವಾಗ ಮೂರು ಪ್ರಸಂಗಗಳು ಒಂದಾಗಿಬಿಡುವುದೂ, ಮೈಸೂರಿನ ಹಣದಿಂದ ಶ್ವಾರ್ಟ್ಸ್‌ಕಾಫ್ ಸ್ಟ್ರಾಸ್‌ನ ಹಾಡುಗಳನ್ನು ಮೊದಲಿಗೆ ಹಾಡಿದರು ಎಂಬ ತೀರ್ಮಾನಕ್ಕೆ ಜಾರುವುದೂ ಸುಲಭ. ಹಾಗೆ ಆಗಲಿಲ್ಲ. ಆದರೆ ನಿಜವಾಗಿ ಆದದ್ದು ಈ ತಪ್ಪು ಕಥೆಗಿಂತ ಹೆಚ್ಚು ಅರ್ಥವುಳ್ಳದ್ದು. ಅದನ್ನು ಬಿಡಿಸಿ ಇಡುವುದು ಈ ಟಿಪ್ಪಣಿಯ ಉದ್ದೇಶ.

ಇದಕ್ಕೆ ಬೇಕಾದ ಕ್ರಮವನ್ನು ನಾನು ಮಲೆನಾಡಿನ ಶಾಸನಗಳಿಂದ ತೆಗೆದುಕೊಂಡಿದ್ದೇನೆ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ 1608ರಲ್ಲಿ ಬೊಮ್ಮಣ ಶೆಟ್ಟಿ ಕಟ್ಟಿಸಿದ ಅನಂತನಾಥ ಬಸದಿ ಇದೆ. ಬಿ. ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿ, ಸೊರಬ ಸೀಮೆಗಳ ಶಾಸನಗಳಿವೆ. ಅವನ್ನು ಓದಿದವರಿಗೆ ದಾನಶಾಸನದ ಶಿಸ್ತು ಗೊತ್ತು. ಕೊಟ್ಟವರು ಯಾರು, ಕೊಟ್ಟದ್ದು ಏನು, ಪಡೆದವರು ಯಾರು, ಯಾವ ತಿಥಿಯಲ್ಲಿ, ಯಾವ ಎಲ್ಲೆಯೊಳಗೆ ಎಂಬುದನ್ನು ಶಾಸನ ಒಂದಕ್ಕೊಂದು ಬೆರೆಸದೆ ಹೇಳುತ್ತದೆ. ಬಸದಿ ಕಟ್ಟಿಸಿದವನನ್ನೂ ಅಲ್ಲಿ ಪೂಜೆ ಮಾಡಿದವನನ್ನೂ ಅದು ಒಬ್ಬನೇ ಎಂದು ಎಣಿಸುವುದಿಲ್ಲ. ಮೈಸೂರಿನ ಸಂಗೀತದಾನವನ್ನೂ ಹಾಗೆಯೇ ಓದಬೇಕು.

ಮೊದಲು ಗಾಯಕಿ. ಶ್ವಾರ್ಟ್ಸ್‌ಕಾಫ್ ಹುಟ್ಟಿದ್ದು 1915ರ ಡಿಸೆಂಬರ್ 9ರಂದು, ಆಗ ಪ್ರಷ್ಯಕ್ಕೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಯಾರೋಚಿನ್ ಎಂಬ ಊರಿನಲ್ಲಿ. ತಂದೆ ಪ್ರಾಚೀನ ಭಾಷೆಗಳ ಉಪಾಧ್ಯಾಯರು. 1934ರಲ್ಲಿ ಬರ್ಲಿನ್ನಿನ ಸಂಗೀತ ವಿದ್ಯಾಲಯ ಸೇರಿದಾಗ ಅಲ್ಲಿನ ಗುರು ಲೂಲಾ ಮಿಸ್-ಗ್ಮೈನರ್ ಅವರನ್ನು ತಗ್ಗುದನಿಯ ಗಾಯಕಿಯಾಗಿ ತಯಾರು ಮಾಡತೊಡಗಿದರು. ದನಿಯ ನಿಜವಾದ ನೆಲೆ ಮೇಲಿನ ಸ್ತರದಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಅದನ್ನು ತಿದ್ದಿ ತೀಡಿದವರು ತಾವೇ ಹೆಸರಾಂತ ಗಾಯಕಿಯಾಗಿದ್ದ ಮರಿಯಾ ಇವೊಗ್ಯೂನ್. 1938ರ ಏಪ್ರಿಲ್ 15ರಂದು ಬರ್ಲಿನ್ನಿನ ಆಪೆರಾದಲ್ಲಿ ವಾಗ್ನರ್‌ನ ಪಾರ್ಸಿಫಾಲ್ ನಾಟಕದ ಹೂಗನ್ನಿಕೆಯರಲ್ಲಿ ಒಬ್ಬಳಾಗಿ ಅವರು ರಂಗಕ್ಕೆ ಬಂದರು. ಚಿಕ್ಕ ಪಾತ್ರ. ಮುಂದಿನ ಕೆಲವು ವರ್ಷ ಚಿಕ್ಕಪುಟ್ಟ ಪಾತ್ರಗಳೇ. ಬಳಿಕ ಸ್ಟ್ರಾಸ್‌ನ ಅರಿಯಾಡ್ನೆ ನಾಟಕದಲ್ಲಿ ಮಿಂಚಿನಂಥ ತಾನಗಳನ್ನು ಬೇಡುವ ಜೆರ್ಬಿನೆಟ್ಟಾ ಪಾತ್ರ ದೊರೆಯಿತು. ಕಂಡಕ್ಟರ್ ಕಾರ್ಲ್ ಬ್ಯೋಮ್ ವಿಯೆನ್ನಾಕ್ಕೆ ಕರೆದರು. ನಡುವೆ ಕ್ಷಯರೋಗ ಬಂದು ಹಾಡು ನಿಂತಿತು.

ಆಪೆರಾ ನೋಡದ ಓದುಗರಿಗೆ ಒಂದು ವಿವರಣೆ. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆಟವೆಂದರೆ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಹಾಡುವ ಗಂಟಲು ಒಬ್ಬರದು, ಕಾಣುವ ಮೈ ಇನ್ನೊಬ್ಬರದು. ಆಪೆರಾದಲ್ಲಿ ವೇಷ ಹಾಕಿದವರೇ ಆಡಬೇಕು, ಅವರೇ ಹಾಡಬೇಕು. ಎಂಬತ್ತು ನೂರು ವಾದ್ಯಗಳ ದನಿಯನ್ನು ದಾಟಿ, ಮೈಕಿನ ಸಹಾಯವಿಲ್ಲದೆ, ಕೊನೆಯ ಸಾಲಿನಲ್ಲಿ ಕೂತವರಿಗೆ ಮಾತು ಸ್ಪಷ್ಟವಾಗಿ ಕೇಳಿಸಬೇಕು. ಹೀಗಾಗಿ ಗಾಯಕಿಯೊಬ್ಬಳ ವೃತ್ತಿಜೀವನ ಅವಳ ಗಂಟಲೊಂದರಿಂದ ನಡೆಯುವುದಿಲ್ಲ. ಅವಳ ಜತೆ ನುಡಿಸುವ ವಾದ್ಯವೃಂದ ಹೇಗಿದೆ ಎಂಬುದು ಅವಳ ಕಲೆಯ ಅರ್ಧ ಭಾಗ. ಮೈಸೂರು ಈ ಕಥೆಯೊಳಗೆ ಬರುವುದು ಈ ಅರ್ಧದ ಮೂಲಕ.

ಈ ಗಾಯಕಿಯನ್ನೂ ಮೈಸೂರನ್ನೂ ಜೋಡಿಸುವ ಕೊಂಡಿ ವಾಲ್ಟರ್ ಲೆಗ್. ಇಂಗ್ಲೆಂಡಿನ ಎಚ್‌ಎಂವಿ-ಕೊಲಂಬಿಯಾ ಗ್ರಾಮಫೋನ್ ಕಂಪನಿಯ ನಿರ್ಮಾಪಕರಾಗಿದ್ದ ಲೆಗ್ 1931ರಲ್ಲಿ ಹ್ಯೂಗೋ ವುಲ್ಫ್ ಸೊಸೈಟಿ ಎಂಬುದನ್ನು ಕಟ್ಟಿದ್ದರು. ಜರ್ಮನ್ ಭಾವಗೀತೆಗಳ ಸಂಯೋಜಕ ವುಲ್ಫ್ ಆಗ ಮಾರಾಟವಾಗುವ ಹೆಸರಲ್ಲ. ಆದ್ದರಿಂದ ಆಸಕ್ತರಿಂದ ಮುಂಗಡ ಚಂದಾ ಎತ್ತಿ, ಸಾಕಷ್ಟು ಚಂದಾದಾರರು ಸೇರಿದ ಮೇಲೆ ಪ್ಲೇಟು ಮಾಡುವ ಉಪಾಯವನ್ನು ಲೆಗ್ ಹೂಡಿದರು. ಇದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು, ಮುಂದೆ ಹೇಳಲಿರುವ ಮೈಸೂರಿನ ಮೆಟ್ನರ್ ಸೊಸೈಟಿಯ ಮಾದರಿ ಇದೇ. ಒಂದು ವ್ಯತ್ಯಾಸವೆಂದರೆ ವುಲ್ಫ್‌ಗೆ ನೂರಾರು ಚಂದಾದಾರರು ಬೇಕಾಯಿತು, ಮೆಟ್ನರ್‌ಗೆ ಒಬ್ಬ ಮಹಾರಾಜರು ಸಾಕಾದರು.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಗಾಯಕ ವಾದಕರನ್ನು ಹುಡುಕುತ್ತ ಲೆಗ್ ಹಾಳುಬಿದ್ದ ವಿಯೆನ್ನಾಕ್ಕೆ ಹೋದರು. ಶ್ವಾರ್ಟ್ಸ್‌ಕಾಫ್ ಅವರಿಗೆ ವುಲ್ಫ್‌ನ ಒಂದು ಪುಟ್ಟ ಹಾಡು ಕೊಟ್ಟು, ಅದರ ಒಂದೊಂದು ನುಡಿಯನ್ನೂ ಗಂಟೆಗೂ ಮೀರಿ ಮತ್ತೆ ಮತ್ತೆ ಹಾಡಿಸಿದರಂತೆ. ಜತೆಗಿದ್ದ ಕಂಡಕ್ಟರ್ ಹರ್ಬರ್ಟ್ ಫಾನ್ ಕರಯನ್ ಈ ಹಿಂಸೆ ನೋಡಲಾರೆ ಎಂದು ಎದ್ದು ಹೋದರೆಂದು ಲೆಗ್ ಬರೆದಿದ್ದಾರೆ. ಆ ಪರೀಕ್ಷೆಯಿಂದ ಕೊಲಂಬಿಯಾ ಕಂಪನಿಯ ಕರಾರು ಹುಟ್ಟಿತು. ಹಾಡಿನ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಬಣ್ಣ ಹಚ್ಚುವ ಆಕೆಯ ಶೈಲಿಯೂ ಅದೇ ಕಠಿಣ ಸಾಧನೆಯಿಂದ ಬಂತು. 1953ರ ಅಕ್ಟೋಬರ್ 19ರಂದು ಇಬ್ಬರೂ ಮದುವೆಯಾದರು.

ಅಷ್ಟರಲ್ಲಿ ಲೆಗ್ ಇನ್ನೊಂದು ಕೆಲಸ ಮಾಡಿದ್ದರು. 1945ರಲ್ಲಿ ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದರು. ಅದರ ಮೊದಲ ಕಚೇರಿ ಅದೇ ವರ್ಷದ ಅಕ್ಟೋಬರ್ 27ರಂದು ಕಿಂಗ್ಸ್‌ವೇ ಹಾಲಿನಲ್ಲಿ ಸರ್ ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ನಡೆಯಿತು. ಧ್ವನಿಮುದ್ರಣಕ್ಕಾಗಿ ಹುಟ್ಟಿದ ಈ ವೃಂದಕ್ಕೆ ಸರ್ಕಾರದ ಕಾಯಂ ಬೆಂಬಲ ಇರಲಿಲ್ಲ. ಒಳ್ಳೆಯ ವಾದಕರನ್ನು ಹಿಡಿದಿಟ್ಟುಕೊಳ್ಳಲು, ದೊಡ್ಡ ಕಂಡಕ್ಟರುಗಳನ್ನು ಕರೆಸಲು ಹಣ ಬೇಕಿತ್ತು.

ಈಗ ಮೈಸೂರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದದ್ದು 1940ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದರು. ಪಿಯಾನೊ ವಾದಕರಾಗುವ ಆಸೆ ಅಲ್ಲಿಗೆ ಮುಗಿಯಿತು. ಆದರೂ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪಡೆದರು, 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದರು. ಈ ಒಲವು ಆಕಾಶದಿಂದ ಬಿದ್ದದ್ದಲ್ಲ. ನಾಲ್ವಡಿಯವರ ಕಾಲದಲ್ಲೇ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು. ಅದನ್ನು ನಡೆಸಿದವರಲ್ಲಿ ಒಬ್ಬರು ಜರ್ಮನಿಯ ಓಟೋ ಷ್ಮಿಟ್. ಬಸವಪ್ಪ ಶಾಸ್ತ್ರಿಗಳ ಕಾಯೌ ಶ್ರೀಗೌರಿ ಎಂಬ ರಾಜ್ಯಗೀತೆಯನ್ನು ಪಿಟೀಲು ಕಹಳೆಗಳ ಮೇಳದಲ್ಲಿ ಕೇಳಿಸಿಕೊಂಡು ಬೆಳೆದ ಅರಮನೆ ಅದು. ಮೈಸೂರು ವಾಸುದೇವಾಚಾರ್ಯರಂಥವರ ಸಂಗಡ ಕುಳಿತು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅರಸರೇ ಮೆಟ್ನರ್‌ನ ಸೊನಾಟಾಗಳಿಗೂ ಕಿವಿಗೊಟ್ಟರು. ಮಹಾರಾಜರಿಗೆ ಪಾಶ್ಚಾತ್ಯ ಸಂಗೀತ ಬರಿಯ ಷೋಕಿಯಾಗಿತ್ತೆಂದು ತಳ್ಳಿಹಾಕುವವರು ಈ ಎರಡು ಸಾಧನೆಗಳನ್ನು ಒಟ್ಟಿಗೆ ಇಟ್ಟು ನೋಡುವುದಿಲ್ಲ. ಎರಡರಲ್ಲೂ ಇರುವುದು ಪರೀಕ್ಷೆಗೆ ಕೂತು ಕಲಿತವರ ಶ್ರದ್ಧೆ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ವಂಶಮೂಲ ಜರ್ಮನ್. ಕ್ರಾಂತಿಯ ನಂತರ ದೇಶ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಯುದ್ಧಕಾಲದಲ್ಲಿ ಆರೋಗ್ಯವೂ ಸಂಪಾದನೆಯೂ ಕುಸಿದವು. ಆಗ ಅವರ ಕೃತಿಗಳನ್ನೆಲ್ಲ ಅವರ ಕೈಯಲ್ಲೇ ನುಡಿಸಿ ಮುದ್ರಿಸಲು ಹಣ ಕೊಡುತ್ತೇನೆಂದು ಮೈಸೂರಿನಿಂದ ಮಾತು ಬಂತು. ಹೀಗೆ ಮೆಟ್ನರ್ ಸೊಸೈಟಿ ಹುಟ್ಟಿತು. ಮೂರು ಪಿಯಾನೊ ಕನ್ಸರ್ಟೊಗಳನ್ನು ಸ್ವತಃ ಮೆಟ್ನರ್ ನುಡಿಸಿದರು, ಜತೆಗೆ ಫಿಲ್ಹಾರ್ಮೋನಿಯಾ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ದೊಬ್ರೋವೆನ್ ಕಂಡಕ್ಟರ್. ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಶಾಸನದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ದಾನಿ, ದಾನ, ಪ್ರತಿಗ್ರಹಿ ಮೂರೂ ಸ್ಪಷ್ಟ. ಯಾವ ಗೊಂದಲಕ್ಕೂ ಎಡೆಯಿಲ್ಲ.

ಎರಡನೆಯ ದಾನಕ್ಕೆ ಬರೋಣ. ಈ ವ್ಯವಹಾರದ ನಡುವೆ ಲೆಗ್ ಮೈಸೂರಿಗೆ ಬಂದರು. ಮೂವತ್ತು ತುಂಬದ ಅರಸರು, ಅರಮನೆಯ ತುಂಬ ಗ್ರಾಮಫೋನ್ ಪ್ಲೇಟುಗಳ ಭಂಡಾರ, ಹಲವು ಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳು: ಹೀಗೆ ಅವರು ತಮ್ಮ ಬೆರಗನ್ನು ದಾಖಲಿಸಿದ್ದಾರೆ. ಆ ಭೇಟಿಯಲ್ಲಿ ಮಹಾರಾಜರು ಫಿಲ್ಹಾರ್ಮೋನಿಯಾ ವೃಂದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರೆಂದು ಅವರ ಹೇಳಿಕೆ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಜಯಚಾಮರಾಜ ಒಡೆಯರೇ.

ಈ ಆಕರದ ಬಗ್ಗೆ ಒಂದು ಮಾತು ಅಗತ್ಯ. ಲೆಗ್ ಅವರ ಮೈಸೂರು ನೆನಪುಗಳು ಇಂದು ಎಲ್ಲರೂ ಉದ್ಧರಿಸುವ ರೂಪದಲ್ಲಿ ಪ್ರಕಟವಾದದ್ದು 1982ರಲ್ಲಿ, ಅವರು ತೀರಿಕೊಂಡ ಮೇಲೆ, ಆನ್ ಅಂಡ್ ಆಫ್ ದಿ ರೆಕಾರ್ಡ್ ಎಂಬ ಪುಸ್ತಕದಲ್ಲಿ. ಅದನ್ನು ಸಂಪಾದಿಸಿದವರು ಸ್ವತಃ ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಅಂದರೆ ಮೈಸೂರಿನ ದಾನದ ಕಥೆ ಜಗತ್ತಿಗೆ ತಲುಪಿದ್ದೇ ಈ ಗಾಯಕಿಯ ಕೈಯಿಂದ. ಇದು ಮೈಸೂರಿಗೂ ಗಾಯಕಿಗೂ ನಡುವಿನ ನೇರ ಕೊಂಡಿಗಳಲ್ಲಿ ಒಂದು, ಜತೆಗೆ ಎಚ್ಚರಿಕೆಯೂ ಹೌದು: ಬರೆದವರು ದಾನ ಪಡೆದ ಸಂಸ್ಥೆಯ ಸ್ಥಾಪಕರು, ಸಂಪಾದಿಸಿದವರು ಅವರ ಹೆಂಡತಿ. ಮೊತ್ತವನ್ನು ನಂಬುವ ಮುನ್ನ ಅದರ ಫಲಗಳು ಕಣ್ಣಿಗೆ ಕಾಣುತ್ತವೆಯೇ ಎಂದು ನೋಡಬೇಕು. ಕಾಣುತ್ತವೆ. 1949ರಲ್ಲಿ ಕರಯನ್ ಈ ವೃಂದದೊಡನೆ ಬಾಲಾಕಿರೇವ್‌ನ ಮೊದಲ ಸಿಂಫನಿಯನ್ನೂ ರೂಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದರು. ಲಾಭ ನೋಡುವ ಕಂಪನಿ ಆ ಕಾಲದಲ್ಲಿ ತಾನಾಗಿ ಮುಟ್ಟುವ ಕೃತಿಗಳಲ್ಲ ಅವು. ಆಯ್ಕೆಯ ಹಿಂದೆ ಮೈಸೂರಿನ ಅಭಿರುಚಿಯೂ ಹಣವೂ ಇದ್ದವು.

ಮೊತ್ತದ ತೂಕವನ್ನೂ ಅಳೆದು ನೋಡಬೇಕು. ಆಗ ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸಿನ ದರ, ಅಂದರೆ ಪೌಂಡಿಗೆ ಸುಮಾರು 13 ರೂಪಾಯಿ 5 ಆಣೆ. 10,000 ಪೌಂಡೆಂದರೆ 1 ಲಕ್ಷದ 33 ಸಾವಿರ ರೂಪಾಯಿ. ಮೂರು ವರ್ಷಕ್ಕೆ 4 ಲಕ್ಷ. ವಿಲೀನದ ನಂತರ ಮಹಾರಾಜರಿಗೆ ಗೊತ್ತುಮಾಡಿದ ರಾಜಧನ ವರ್ಷಕ್ಕೆ 26 ಲಕ್ಷ. ಆ ಲೆಕ್ಕದಲ್ಲಿ ಫಿಲ್ಹಾರ್ಮೋನಿಯಾಕ್ಕೆ ಸಂದದ್ದು ಇಪ್ಪತ್ತರಲ್ಲಿ ಒಂದು ಪಾಲು. ಕಾಲವನ್ನೂ ಗಮನಿಸಬೇಕು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. 1950ರ ಜನವರಿ 26ರಿಂದ ಜಯಚಾಮರಾಜರು ಅರಸರಲ್ಲ, ರಾಜಪ್ರಮುಖರು. ದಾನದ ಮೂರು ವರ್ಷವನ್ನು 1948ರಿಂದ ಎಣಿಸಿದರೆ ಅದು ಸರಿಯಾಗಿ ಈ ಸ್ಥಿತ್ಯಂತರದ ಕಾಲ. ಅದೇ ವರ್ಷಗಳಲ್ಲಿ ಸಾಗರ ತಾಲೂಕಿನ ಜೋಗದಲ್ಲಿ ಹೊಸ ವಿದ್ಯುದಾಗಾರ ಚಾಲೂ ಆಗಿ, ಹಿರೇಭಾಸ್ಕರದ ನೀರು ಹಳ್ಳಿಗಳನ್ನು ನುಂಗಿತ್ತು. ಆ ಹಳ್ಳಿಗಳ ಕಡೆಯಿಂದ ನೋಡಿದವರು, ಲಂಡನ್ನಿನ ವಾದಕರಿಗೆ ಮೈಸೂರಿನ ದುಡ್ಡೇಕೆ ಎಂದು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯ ಇಷ್ಟು: ಆ ಹಣದಿಂದ ಹುಟ್ಟಿದ ಸಂಗೀತ ಇವತ್ತಿಗೂ ಕೇಳಲು ಸಿಗುತ್ತದೆ, ಅರಮನೆಗಳ ಖರ್ಚಿನಲ್ಲಿ ಹೀಗೆ ಹೇಳಬಹುದಾದ ಬಾಬತ್ತು ವಿರಳ.

ಇದೇ ವರ್ಷಗಳಲ್ಲಿ ಶ್ವಾರ್ಟ್ಸ್‌ಕಾಫ್ ಎಲ್ಲಿದ್ದರು? 1947ರ ಸೆಪ್ಟೆಂಬರಿನಲ್ಲಿ ವಿಯೆನ್ನಾ ಆಪೆರಾ ಲಂಡನ್ನಿಗೆ ಬಂದಾಗ ಅವರು ಮೊಜಾರ್ಟ್‌ನ ಡಾನ್ ಜಿಯೊವಾನಿಯಲ್ಲಿ ಡೊನ್ನಾ ಎಲ್ವಿರಾ ಆಗಿ ಹಾಡಿದರು. ಮುಂದೆ 1951ರ ತನಕ ಕೊವೆಂಟ್ ಗಾರ್ಡನ್ ಕಂಪನಿಯಲ್ಲಿದ್ದು ಪಮೀನಾ, ವಯೊಲೆಟ್ಟಾ, ಮಿಮಿ, ಬಟರ್‌ಫ್ಲೈ, ಮನೋನ್ ಮೊದಲಾದ ಪಾತ್ರಗಳನ್ನು ಅಲ್ಲಿನ ಪದ್ಧತಿಯಂತೆ ಇಂಗ್ಲಿಷಿನಲ್ಲಿ ಹಾಡಿದರು. 1948ರಲ್ಲಿ ಮಿಲಾನಿನ ಲಾ ಸ್ಕಾಲಾ. 1951ರಲ್ಲಿ ಯುದ್ಧಾನಂತರ ಬಾಗಿಲು ತೆರೆದ ಬೈರಾಯ್ಟ್ ಉತ್ಸವ. ಅಲ್ಲಿ ಜುಲೈ 29ರಂದು ಫುರ್ಟ್‌ವೆಂಗ್ಲರ್ ನಿರ್ದೇಶನದ ಬೀಥೋವನ್ ಒಂಬತ್ತನೆಯ ಸಿಂಫನಿಗೆ ಸೊಪ್ರಾನೊ ಅವರೇ. ಅದೇ ವರ್ಷ ಸೆಪ್ಟೆಂಬರ್ 11ರಂದು ವೆನಿಸಿನಲ್ಲಿ ಸ್ಟ್ರಾವಿನ್ಸ್‌ಕಿಯ ದಿ ರೇಕ್ಸ್ ಪ್ರೋಗ್ರೆಸ್ ಮೊದಲ ಬಾರಿಗೆ ರಂಗಕ್ಕೆ ಬಂದಾಗ ನಾಯಕಿ ಆನ್ ಟ್ರೂಲವ್ ಅವರೇ. ಇಷ್ಟನ್ನೂ ಗಳಿಸಿದ್ದು ಅವರ ಗಂಟಲು ಮತ್ತು ಸಾಧನೆ. ಮೈಸೂರಿನ ಹಣಕ್ಕೂ ಈ ರಂಗಜೀವನಕ್ಕೂ ಸಂಬಂಧವಿಲ್ಲ. ಇದನ್ನು ಖಚಿತವಾಗಿ ಹೇಳಿಬಿಡುವುದು ಒಳ್ಳೆಯದು.

ಸಂಬಂಧವಿರುವುದು ಧ್ವನಿಮುದ್ರಣದಲ್ಲಿ. ಇಂದು ಶ್ವಾರ್ಟ್ಸ್‌ಕಾಫ್ ಎಂದರೆ ಜನ ಕೇಳುವುದು ರಂಗವನ್ನಲ್ಲ, ಪ್ಲೇಟುಗಳನ್ನು. 1953ರ ಹಾನ್ಸೆಲ್ ಮತ್ತು ಗ್ರೆಟೆಲ್, ಅದೇ ವರ್ಷದ ದಿ ಮೆರಿ ವಿಡೊ, 1954ರ ಅರಿಯಾಡ್ನೆ ಹಾಗೂ ಕೋಸಿ ಫಾನ್ ತುತ್ತೆ, 1955ರ ಫ್ಲೇಡರ್‌ಮೌಸ್, 1956ರ ರೋಸೆನ್‌ಕವಲಿಯರ್, 1959ರಲ್ಲಿ ಕಾರ್ಲೊ ಮರಿಯಾ ಜ್ಯುಲಿನಿ ನಿರ್ದೇಶಿಸಿದ ಫಿಗರೊ ಮತ್ತು ಡಾನ್ ಜಿಯೊವಾನಿ: ಇವೆಲ್ಲದರಲ್ಲೂ ಅವರ ಹಿಂದೆ ನುಡಿಸಿದ್ದು ಫಿಲ್ಹಾರ್ಮೋನಿಯಾ. ಕೇಳುಗರು ಅವರ ಕೀರ್ತಿಯನ್ನು ಅಳೆಯುವ ಮುದ್ರಿಕೆಗಳ ಬಹುಭಾಗ ಒಂದೇ ವೃಂದದ್ದು. ಆ ವೃಂದ ಮುಗ್ಗರಿಸಬಹುದಾಗಿದ್ದ ಎಳೆಯ ದಿನಗಳಲ್ಲಿ ಅದಕ್ಕೆ ಊರೆಗೋಲು ಕೊಟ್ಟದ್ದು ಮೈಸೂರು. 1951ರ ಬಳಿಕ ವೃಂದವನ್ನು ನಡೆಸಿದ್ದು ಅದರ ಸ್ವಂತ ದುಡಿಮೆ, ಕಂಪನಿಯ ಮುದ್ರಣಕಾರ್ಯ. ಆದ್ದರಿಂದ ಮೈಸೂರು ಆ ಪ್ಲೇಟುಗಳನ್ನು ಮಾಡಿಸಿತು ಎನ್ನಲಾಗದು. ಆ ಪ್ಲೇಟುಗಳ ಹಿಂದಿರುವ ವೃಂದ ಉಳಿಯಲು ನೆರವಾಯಿತು ಎನ್ನಬಹುದು.

ಈಗ ಹೆಚ್ಚು ಗೊಂದಲಕ್ಕೆ ಕಾರಣವಾಗುವ 1950ರ ಮೇ 22. ಸ್ಟ್ರಾಸ್ ಹಿಂದಿನ ವರ್ಷದ ಸೆಪ್ಟೆಂಬರ್ 8ರಂದು ತೀರಿಕೊಂಡಿದ್ದರು. ಕೊನೆಯ ನಾಲ್ಕು ಹಾಡುಗಳನ್ನು ನಾರ್ವೆಯ ಮಹಾಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲು ಹಾಡಬೇಕೆಂದು ಅವರೇ ಬಯಸಿದ್ದರು. ಹಾಗೆಯೇ ಆಯಿತು. ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಿರ್ದೇಶಿಸಿದರು, ಫಿಲ್ಹಾರ್ಮೋನಿಯಾ ನುಡಿಸಿತು. ಈ ಕಚೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು. ಅಂದಿನ ದರದಲ್ಲಿ ಅದು 23 ಸಾವಿರ ರೂಪಾಯಿಗೆ ತುಸು ಕಡಿಮೆ. ಅವರು ಸಭೆಯಲ್ಲಿರಲಿಲ್ಲ. ಆ ರಾತ್ರಿಯ ಹಾಡನ್ನು ಮುದ್ರಿಸಿ ಮೈಸೂರಿನ ಸಂಗ್ರಹಕ್ಕೆ ಕಳಿಸಬೇಕೆಂಬುದು ಅವರ ಅಪೇಕ್ಷೆ. ಆ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಪ್ಲೇಟುಗಳಿದ್ದವೆಂಬ ಅಂದಾಜಿದೆ. ನಾಲ್ಕು ಹಾಡುಗಳಲ್ಲಿ ಮೂರರ ಕವಿ ಹರ್ಮನ್ ಹೆಸ್ಸೆ, ಕನ್ನಡದ ಓದುಗರಿಗೆ ಸಿದ್ಧಾರ್ಥ ಕಾದಂಬರಿಯಿಂದ ಪರಿಚಿತರು. ಅವರ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅಜ್ಜ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನವರು, 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಅವರ ಸಂಗಡಿಗರು. ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ ತಾಯಿಯ ಮಗ ಬರೆದ ಕವನಗಳು ಘಟ್ಟದ ಮೇಲಿನ ಅರಸರ ಖಾತರಿಯಿಂದ ಲಂಡನ್ನಿನಲ್ಲಿ ಮೊದಲು ಕೇಳಿಬಂದವು ಎಂಬುದು ಕಾಕತಾಳೀಯವೇ ಇರಬಹುದು, ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಹಾಗಾದರೆ ಶ್ವಾರ್ಟ್ಸ್‌ಕಾಫ್ ಹೆಸರು ಇಲ್ಲಿಗೆ ಬಂದದ್ದು ಹೇಗೆ? ಅವರು ಇದೇ ಹಾಡುಗಳನ್ನು 1953ರಲ್ಲಿ ಓಟೋ ಆಕರ್ಮನ್ ನಿರ್ದೇಶನದಲ್ಲಿ ಇದೇ ಫಿಲ್ಹಾರ್ಮೋನಿಯಾ ಜತೆ ಮುದ್ರಿಸಿದರು. 1965ರಲ್ಲಿ ಜಾರ್ಜ್ ಸೆಲ್ ಅವರೊಡನೆ ಬರ್ಲಿನ್ನಿನ ರೇಡಿಯೊ ವೃಂದದ ಜತೆ ಮತ್ತೊಮ್ಮೆ. ಈ ಎರಡನೆಯ ಮುದ್ರಿಕೆ ಎಷ್ಟು ಪ್ರಸಿದ್ಧವಾಯಿತೆಂದರೆ ಬಹುಕಾಲ ಆ ಹಾಡುಗಳು ಅವರದೇ ಎಂಬಂತಾಯಿತು. ಅದರ ಬೆಳಕು ಹಿಂದಕ್ಕೆ ಬಿದ್ದು 1950ರ ಫ್ಲಾಗ್‌ಸ್ಟಾಡ್‌ರನ್ನು ಮಸುಕು ಮಾಡಿತು. ಇಬ್ಬರೂ ಎದುರಾಳಿಗಳಲ್ಲ. 1952ರಲ್ಲಿ ಫುರ್ಟ್‌ವೆಂಗ್ಲರ್ ಲಂಡನ್ನಿನಲ್ಲಿ ಟ್ರಿಸ್ಟಾನ್ ಉಂಡ್ ಇಸೋಲ್ಡೆ ಮುದ್ರಿಸುವಾಗ, ವಯಸ್ಸಾಗಿದ್ದ ಫ್ಲಾಗ್‌ಸ್ಟಾಡ್‌ರಿಗೆ ದಕ್ಕದಿದ್ದ ತಾರಸ್ಥಾಯಿಯ ಸ್ವರಗಳನ್ನು ಪಕ್ಕದಲ್ಲಿ ನಿಂತು ಹಾಡಿಕೊಟ್ಟವರು ಶ್ವಾರ್ಟ್ಸ್‌ಕಾಫ್. ಆ ಮುದ್ರಿಕೆಯಲ್ಲೂ ವೃಂದ ಫಿಲ್ಹಾರ್ಮೋನಿಯಾವೇ.

ಮೈಸೂರಿನ ಯೋಜನೆಗೆ ಅತಿ ಹತ್ತಿರದಲ್ಲಿ ಈ ಗಾಯಕಿ ನಿಂತದ್ದು 1950ರಲ್ಲಿ, ಮೆಟ್ನರ್ ಪಿಯಾನೊದ ಪಕ್ಕದಲ್ಲಿ. ಮೆಟ್ನರ್‌ನ ರಷ್ಯನ್ ಹಾಡುಗಳನ್ನು ಒಡಾ ಸ್ಲೊಬೊಡ್‌ಸ್ಕಾಯಾ ಮತ್ತು ಟಟಿಯಾನಾ ಮಕುಶಿನಾ ಈ ಮೊದಲೇ ಮುದ್ರಿಸಿದ್ದರು. ಆದರೆ ಮೆಟ್ನರ್ ಗಯಟೆಯಂಥ ಜರ್ಮನ್ ಕವಿಗಳನ್ನೂ ವಿಪುಲವಾಗಿ ಸಂಗೀತಕ್ಕೆ ಅಳವಡಿಸಿದವರು. ಅವಕ್ಕೆ ಜರ್ಮನ್ ನುಡಿಯ ಮೂಳೆಮಾಂಸ ಬಲ್ಲ ಕಂಠ ಬೇಕಿತ್ತು. ಮುಪ್ಪಿನ ಕಾಯಿಲೆಯ ವಾಗ್ಗೇಯಕಾರ ನುಡಿಸಿದರು, ಮೂವತ್ತೈದರ ಹತ್ತಿರದ ಗಾಯಕಿ ಹಾಡಿದರು. ಮೆಟ್ನರ್‌ನ ಕೊನೆಯ ಮುದ್ರಿಕೆಗಳಿವು. ಮರುವರ್ಷ ನವೆಂಬರ್ 13ರಂದು ಅವರು ತೀರಿಕೊಂಡರು. ಈ ಹಾಡುಗಳು ಶ್ವಾರ್ಟ್ಸ್‌ಕಾಫ್ ಅವರ ಹೆಸರಾಂತ ಮುದ್ರಿಕೆಗಳ ಸಾಲಿನಲ್ಲಿ ಎಣಿಕೆಗೆ ಬರುವುದಿಲ್ಲ. ಬರಬೇಕು ಎಂಬುದು ನನ್ನ ನಿಲುವು. ವುಲ್ಫ್‌ನ ಹಾಡಿನಿಂದ ಶುರುವಾದ ಲೆಗ್ ಅವರ ಪಾಠ ಏನು ಫಲ ಕೊಟ್ಟಿತು ಎಂಬುದು ಇಲ್ಲಿ ಆಪೆರಾದ ಅಲಂಕಾರವಿಲ್ಲದೆ, ಒಂದು ಪಿಯಾನೊದ ಎದುರು, ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಮೈಸೂರು ಬಿತ್ತದಿದ್ದರೆ ಮೆಟ್ನರ್‌ನ ಹೆಸರು ಆ ಹೊತ್ತಿಗೆ ಲಂಡನ್ನಿನ ಧ್ವನಿಮುದ್ರಣ ಶಾಲೆಯಲ್ಲಿ ಉಳಿದಿರುತ್ತಲೂ ಇರಲಿಲ್ಲ.

ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. 1952ರಲ್ಲಿ ಲಾ ಸ್ಕಾಲಾದಲ್ಲಿ ಮೊದಲಿಗೆ ಧರಿಸಿದ ಮಾರ್ಷಲಿನ್ ಪಾತ್ರ ಅವರ ಬಾಳಿನ ಪಾತ್ರವಾಯಿತು. 1911ರಲ್ಲಿ ಡ್ರೆಸ್ಡೆನ್ನಿನಲ್ಲಿ ಮೊದಲು ಕಂಡ ರೋಸೆನ್‌ಕವಲಿಯರ್ ನಾಟಕದ ಈ ರಾಣಿಮಹಿಳೆ, ವಯಸ್ಸು ಜಾರುವುದನ್ನು ಕಂಡು, ತನ್ನ ತರುಣ ಪ್ರಿಯನನ್ನು ಅವನ ವಾರಿಗೆಯ ಹುಡುಗಿಗೆ ಬಿಟ್ಟುಕೊಡುತ್ತಾಳೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1955ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ 1964ರಲ್ಲಿ ಅವರು ಮೊದಲು ಕಾಣಿಸಿಕೊಂಡದ್ದು ಇದೇ ವೇಷದಲ್ಲಿ. ಸಾಲ್ಜ್‌ಬರ್ಗಿನ ಪ್ರಯೋಗ ಚಲನಚಿತ್ರವೂ ಆಗಿದೆ. ತಾನಗಳ ಮಿಂಚಿನ ಪಾತ್ರಗಳನ್ನು ಬಿಟ್ಟು ಕೊನೆಗೆ ಐದೇ ಪಾತ್ರಗಳಿಗೆ ತಮ್ಮನ್ನು ಕಟ್ಟಿಹಾಕಿಕೊಂಡರು. 1971ರ ಡಿಸೆಂಬರ್ 31ರಂದು ಬ್ರಸೆಲ್ಸಿನಲ್ಲಿ ಮಾರ್ಷಲಿನ್ ಆಗಿಯೇ ರಂಗ ಬಿಟ್ಟರು. ಭಾವಗೀತೆಗಳ ಕೊನೆಯ ಕಚೇರಿ 1979ರ ಮಾರ್ಚ್ 19ರಂದು ಜ್ಯೂರಿಕ್‌ನಲ್ಲಿ. ಮೂರು ದಿನಕ್ಕೆ ಲೆಗ್ ತೀರಿಕೊಂಡರು. ಫಿಲ್ಹಾರ್ಮೋನಿಯಾವನ್ನು 1964ರಲ್ಲಿ ಲೆಗ್ ವಿಸರ್ಜಿಸಲು ಹೊರಟಾಗ ವಾದಕರು ಒಪ್ಪದೆ ತಾವೇ ಆಡಳಿತ ವಹಿಸಿಕೊಂಡರು. ವೃಂದ ಈಗಲೂ ಇದೆ. ಶ್ವಾರ್ಟ್ಸ್‌ಕಾಫ್ 2006ರ ಆಗಸ್ಟ್ 3ರಂದು ಆಸ್ಟ್ರಿಯದ ಶ್ರುನ್ಸ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ವಿಷಯವನ್ನು ಮುಚ್ಚಿಡುವಂತಿಲ್ಲ. ಶ್ವಾರ್ಟ್ಸ್‌ಕಾಫ್ 1940ರಲ್ಲಿ ನಾಜಿ ಪಕ್ಷದ ಸದಸ್ಯರಾದರು. ಯುದ್ಧದ ನಂತರ ಇದನ್ನು ಅಲ್ಲಗಳೆದರು. 1980ರ ದಶಕದಲ್ಲಿ ಆಸ್ಟ್ರಿಯದ ಇತಿಹಾಸಕಾರ ಓಲಿವರ್ ರಾತ್ಕೋಲ್ಬ್ ಅವರ ಸಂಶೋಧನೆ ದಾಖಲೆಗಳನ್ನು ಮುಂದಿಟ್ಟಿತು. ಹಾಡುಗಾರ್ತಿಯೊಬ್ಬಳು ಕೆಲಸ ಉಳಿಸಿಕೊಳ್ಳಲು ಮಾಡಿದ್ದು ಎಂಬ ಸಮರ್ಥನೆಯನ್ನು ಅವರೂ ಅವರ ಅಭಿಮಾನಿಗಳೂ ಕೊಟ್ಟರು. ಸದಸ್ಯತ್ವಕ್ಕಿಂತ ಆಮೇಲಿನ ಸುಳ್ಳು ಹೆಚ್ಚು ಭಾರವಾದದ್ದು ಎಂದು ನಾನು ತಿಳಿಯುತ್ತೇನೆ. ಕರಯನ್ ಕೂಡ ಆ ಪಕ್ಷದವರೇ. ಮೈಸೂರಿನ ಹಣದಿಂದ ಚೇತರಿಸಿಕೊಂಡ ವೃಂದವೇ ಇವರ ಯುದ್ಧಾನಂತರದ ಹೊಸ ಬಾಳಿಗೆ ವೇದಿಕೆಯಾಯಿತು ಎಂಬುದು ಈ ದಾನದ ಲೆಕ್ಕದಲ್ಲಿ ಬರೆಯಲೇಬೇಕಾದ ಸಾಲು. ಅದರ ಜತೆಗೆ ಇನ್ನೊಂದು ಸಾಲನ್ನೂ ಬರೆಯಬೇಕು: ಮಹಾರಾಜರ ತಂಗಿ ವಿಜಯಾ ದೇವಿಯವರು ನ್ಯೂಯಾರ್ಕಿನಲ್ಲಿ ಪಿಯಾನೊ ಕಲಿತದ್ದು ಎಡ್ವರ್ಡ್ ಸ್ಟಾಯರ್‌ಮನ್ ಅವರ ಬಳಿ. ಯಹೂದಿಯಾಗಿದ್ದ ಸ್ಟಾಯರ್‌ಮನ್ ನಾಜಿಗಳ ಕಾಲದಲ್ಲಿ ಯೂರೋಪು ತೊರೆದು ಅಮೆರಿಕ ಸೇರಿದವರು. ಒಂದೇ ಮನೆಯ ಅಣ್ಣತಂಗಿಯರು ಯೂರೋಪಿನ ಆ ದುರಂತದ ಎರಡು ದಡಗಳಲ್ಲಿದ್ದವರ ಸಂಗೀತಕ್ಕೆ ಕೈಯೊಡ್ಡಿದರು. ವಿಜಯಾ ದೇವಿಯವರು 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಜಯಚಾಮರಾಜರು ಕಾಲವಾದರು.

ಶಾಸನದ ಕ್ರಮದಲ್ಲಿ ತೀರ್ಪು ಹೀಗೆ ನಿಲ್ಲುತ್ತದೆ. ಮೆಟ್ನರ್ ಸೊಸೈಟಿಯ ದಾನ ಮೆಟ್ನರ್‌ಗೆ. ಮೂರು ವರ್ಷದ ವೃತ್ತಿ ಫಿಲ್ಹಾರ್ಮೋನಿಯಾಕ್ಕೆ. 1950ರ ಖಾತರಿ ಸ್ಟ್ರಾಸ್‌ನ ಹಾಡುಗಳ ಮೊದಲ ಪ್ರಯೋಗಕ್ಕೆ, ಹಾಡಿದವರು ಫ್ಲಾಗ್‌ಸ್ಟಾಡ್. ಶ್ವಾರ್ಟ್ಸ್‌ಕಾಫ್ ಈ ಯಾವ ದಾನದ ಪ್ರತಿಗ್ರಹಿಯೂ ಅಲ್ಲ. ಮೂರರ ಫಲವನ್ನೂ ಉಂಡವರು. ಇನ್ನು ಓದುಗರಲ್ಲಿ ಒಂದು ಬಿನ್ನಹ. ಮೈಸೂರು, ಬೆಂಗಳೂರು, ಶಿವಮೊಗ್ಗದ ಹಳೆಯ ಮನೆಗಳಲ್ಲಿ ಅರಮನೆಯ ನೌಕರಿಯಲ್ಲಿದ್ದವರ ಪೆಟ್ಟಿಗೆಗಳಿದ್ದರೆ, ಅವುಗಳಲ್ಲಿ ಮೆಟ್ನರ್ ಸೊಸೈಟಿಯ 78 ಸುತ್ತಿನ ಪ್ಲೇಟುಗಳು, ಫಿಲ್ಹಾರ್ಮೋನಿಯಾದ ಕಚೇರಿ ಪತ್ರಿಕೆಗಳು, ಲಂಡನ್ನಿನೊಡನೆ ನಡೆದ ಓಲೆಗಳು ಇದ್ದಲ್ಲಿ ಗುಜರಿಗೆ ಹಾಕಬೇಡಿ. ರಾಜ್ಯ ಪತ್ರಾಗಾರದ ಮೈಸೂರು ಶಾಖೆಗೆ ತೋರಿಸಿ, ಒಂದು ಪ್ರತಿಯನ್ನಾದರೂ ಅಲ್ಲಿ ಇಡಿಸಿ.